ಮೆಟ್ಟಿಲ ಕೆಳಗಿನ ಒಲೆ

ಇದ್ದಿಲು ಹತ್ತಿಕೊಳ್ಳಲೊಲ್ಲದು. ಪುರಿಂಗ್ ಮೆಟ್ಟಿಲ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಮಾಸ್ಕನ್ನು ಗಲ್ಲಕ್ಕೆ ಇಳಿಸಿಕೊಂಡು, ರಟ್ಟಿನ ಚೂರಿನಿಂದ ಬೀಸಿದ್ದೇ ಬೀಸಿದ್ದು. ಗಂಡ ಬದುಕಿದ್ದಾಗ ಕೊಂಡ ಮಣ್ಣಿನ ಒಲೆ ಅದು. ಮನೆಗೆ ಗ್ಯಾಸ್ ಬಂದ ಮೇಲೆ ಅದರಲ್ಲಿ ಹಳೆ ಚಪ್ಪಲಿ ತುಂಬಿಟ್ಟಿದ್ದರು. ಈಗ ಅದಕ್ಕೆ ಮತ್ತೆ ಯೋಗ ಬಂದಿತ್ತು. ವಾರ್ಡಿನ ಸದಸ್ಯೆ ಗ್ಲೋರಿ ಓಣಿಯ ಆ ತುದಿಯಿಂದ ಮನೆಮನೆ ನೋಡುತ್ತ ಬರುತ್ತಿದ್ದಾಳೆ ಎಂದು ಅಂಗಡಿಯವಳು ಕಿಟಕಿಯಿಂದಲೇ ಕೂಗಿ ಹೇಳಿದ್ದಳು. ಗ್ಲೋರಿ ಬರುವ ಹೊತ್ತಿಗೆ ಈ ಒಲೆಯ ಮೇಲೆ ಪುರಿಂಗಳ ಅನ್ನ ಕುದಿಯುತ್ತಿರಬೇಕು. ಒಳಗೆ ಗ್ಯಾಸಿನ ಮೇಲೆ ಸೊಸೆ ರೊವೆನಾಳ ಅನ್ನ ಬೇರೆ ಕುದಿಯುತ್ತಿರಬೇಕು.

ಬರಂಗಾಯ್ ಕಚೇರಿಯವರು, ಎಂದರೆ ವಾರ್ಡಿನ ಆಡಳಿತದವರು, ನೆರವಿನ ಚೀಲ ಕೊಡುತ್ತಿದ್ದದ್ದು ಸಂಸಾರಕ್ಕೆ ಒಂದರಂತೆ. ಒಂದಿಷ್ಟು ಅಕ್ಕಿ, ಸಾರ್ಡೀನ್ ಮೀನಿನ ಡಬ್ಬಿಗಳು, ನೂಡಲ್ಸ್, ಕಾಫಿಪುಡಿಯ ಪೊಟ್ಟಣಗಳು. ಆದರೆ ಕಾಲುವೆಯ ದಂಡೆಯ ಆ ಓಣಿಯಲ್ಲಿ ಒಂದೊಂದು ತಗಡಿನ ಸೂರಿನ ಕೆಳಗೆ ಅಣ್ಣ, ತಮ್ಮ, ಅಳಿಯ ಎಂದು ಎಷ್ಟೋ ಜನ ತುಂಬಿಕೊಂಡಿರುವಾಗ ಸಂಸಾರ ಎಂದರೆ ಯಾವುದು? ಇದರ ಮೇಲೆ ಕಚೇರಿಯ ಮುಂದೆ ದಿನವೂ ಜಗಳ. ಕೊನೆಗೆ ಸಾಕಾಗಿ ಕಚೇರಿಯವರು ಒಂದು ಮಾತು ಹೇಳಿಬಿಟ್ಟರು: ಯಾರ ಒಲೆ ಬೇರೆಯೋ ಅವರ ಸಂಸಾರ ಬೇರೆ. ಆ ವಾರವೇ ಓಣಿಯಲ್ಲಿ ಎಲ್ಲೆಲ್ಲೋ ಮೂಲೆ ಸೇರಿದ್ದ ಒಲೆಗಳೆಲ್ಲ ಹೊರಗೆ ಬಂದವು.

ಪುರಿಂಗಳಿಗೂ ಈ ಯೋಚನೆ ಹೊಳೆದದ್ದು ಆಗಲೇ. ಶಾಲೆಯ ಗೇಟಿನ ಮುಂದೆ ಬಾಳೆಹಣ್ಣು ಕರಿದು ಮಾರುತ್ತಿದ್ದವಳು ಅವಳು. ಲಾಕ್‌ಡೌನಿನಲ್ಲಿ ಶಾಲೆಯೇ ಮುಚ್ಚಿತು. ರೊವೆನಾ ಕೆಲಸ ಮಾಡುತ್ತಿದ್ದ ಬಟ್ಟೆಯಂಗಡಿಯೂ ಮುಚ್ಚಿತು. ಮಗ ಎಲ್ಮರ್ ಕಟ್ಟಡದ ಕೆಲಸಕ್ಕೆಂದು ಬೇರೆ ಪ್ರಾಂತ್ಯಕ್ಕೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ಕೆಲಸವಿಲ್ಲ, ಬರಲು ಬಸ್ಸೂ ಇಲ್ಲ. ಮೊಮ್ಮಗಳು ಬಿಯಾಗೆ ಹಾಲಿನ ಪುಡಿ ಮುಗಿದು, ಗಂಜಿಯ ತಿಳಿಗೆ ಸಕ್ಕರೆ ಹಾಕಿ ಕುಡಿಸುತ್ತಿದ್ದರು. ಎರಡು ಚೀಲ ಬಂದರೆ ಒಂದರ ಅಕ್ಕಿಯನ್ನು ಅಂಗಡಿಯವಳಿಗೆ ಕೊಟ್ಟು ಹಾಲಿನ ಪುಡಿ ತರಬಹುದು. ರೊವೆನಾ ಮಾತ್ರ ಹಿಂದೆ ಸರಿದಿದ್ದಳು. ಸುಳ್ಳು ಹೇಳುವುದು ಬೇಡ, ಯಾರ ಬಾಯಿಂದಲಾದರೂ ಹೊರಬಿದ್ದರೆ ಇರುವ ಚೀಲವೂ ಹೋದೀತು ಎಂದಿದ್ದಳು. ಪುರಿಂಗ್ ನಕ್ಕಿದ್ದಳು. ಫೋನಿನಲ್ಲಿ ಮಗನಿಗೆ ಹೇಳಿದಾಗ ಅವನೂ ನಕ್ಕಿದ್ದ, ಬಹಳ ದಿನದ ಮೇಲೆ.

ಗ್ಲೋರಿ ಹತ್ತಿರಾಗುತ್ತಿದ್ದಂತೆ ಅವಳನ್ನು ಕಂಡವರೆಲ್ಲ ತಂತಮ್ಮ ತಟ್ಟೆಯ ಮುಂದಿನಿಂದಲೇ ಕೂಗುವುದು ಕೇಳಿಸಿತು. "ಬನ್ನಿ, ಊಟ ಮಾಡೋಣ." ಅದಕ್ಕೆ ಗ್ಲೋರಿಯದು ಒಂದೇ ಉತ್ತರ: "ನೀವು ಮಾಡಿ, ನಮ್ಮದಾಯ್ತು." ಓಣಿಯಲ್ಲಿ ತಿನ್ನುತ್ತ ಕೂತವರು ದಾಟಿಹೋಗುವವರನ್ನು ಕರೆಯದೆ ಇರುವುದಿಲ್ಲ, ಅಂಚೆಯವನನ್ನೂ ಸಾಲ ವಸೂಲಿಗೆ ಬಂದವನನ್ನೂ ಸಹ. ಕರೆಸಿಕೊಂಡವರು ಹಾಗೆಂದು ಬಂದು ಕೂರುವುದೂ ಇಲ್ಲ. ತಟ್ಟೆಯಲ್ಲಿ ಏನೂ ಇಲ್ಲದ ಈ ದಿನಗಳಲ್ಲೂ ಕರೆಯುವುದನ್ನು ಯಾರೂ ಬಿಟ್ಟಿರಲಿಲ್ಲ. ಸ್ವಂತ ಮನೆಯವರಿಗೆ ಮಾತ್ರ ಈ ಉಪಚಾರ ಬೇಕಿಲ್ಲ. ತಟ್ಟೆಯ ಸದ್ದು ಕೇಳಿದರೆ ಬಂದು ಕೂರುತ್ತಾರೆ.

ಗ್ಲೋರಿ ಬಂದು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದಳು. ಮುಖದ ಮುಂದಿನ ಪ್ಲಾಸ್ಟಿಕ್ ಹಾಳೆ ಬೆವರಿಗೆ ಮಂಜು ಕಟ್ಟಿತ್ತು. ಯಾರನ್ನಾದರೂ ಹಿಡಿದು ಹಾಕಬೇಕೆಂಬ ಹಟ ಅವಳಿಗೇನೂ ಇರಲಿಲ್ಲ, ಬೆಳಗಿನಿಂದ ನಿಂತು ನಿಂತು ಕಾಲು ಬಾತಿತ್ತು ಅಷ್ಟೆ. ಪುರಿಂಗಳ ಮಡಕೆಯ ಮುಚ್ಚಳ ತೆಗೆಸಿ ನೋಡಿದಳು, ಬಾಗಿಲ ಪರದೆ ಸರಿಸಿ ರೊವೆನಾಳ ಪಾತ್ರೆಯನ್ನೂ ನೋಡಿದಳು. ಯಾವಾಗಿನಿಂದ ಬೇರೆ, ಯಾಕೆ ಬೇರೆ ಎಂದು ಕೇಳಿದಳು. ತನಗೆ ಹೊಟ್ಟೆಹುಣ್ಣು, ಮೆತ್ತಗೆ ಬೇಯಿಸಿದ್ದೇ ಆಗಬೇಕು ಎಂದು ಪುರಿಂಗ್ ಮೊದಲೇ ಮಾತಾಡಿಕೊಂಡಿದ್ದ ಉತ್ತರ ಒಪ್ಪಿಸಿದಳು.

"ಪುರಿಂಗಕ್ಕಾ," ಎಂದಳು ಗ್ಲೋರಿ ನಿಟ್ಟುಸಿರು ಬಿಟ್ಟು, "ಬೆಳಗ್ಗೆಯಿಂದ ಹೊಟ್ಟೆಹುಣ್ಣೇ ಕೇಳ್ತಾ ಬಂದಿದೀನಿ. ಈ ಓಣಿಗೆ ಕೊರೊನಾ ಬಂದಿಲ್ಲ, ಹೊಟ್ಟೆಹುಣ್ಣೇ ಬಂದಿರೋದು. ಅದಕ್ಕೆಲ್ಲ ಯಾರಾದ್ರೂ ಒಲೆ ಬೇರೆ ಮಾಡ್ತಾರಾ?"

ಅವಳು ಹೊರಡಲು ತಿರುಗಿದಳು. ಎರಡನೆಯ ಚೀಲ, ಹಾಲಿನ ಪುಡಿ, ಎಲ್ಲ ಅವಳ ಬೆನ್ನ ಹಿಂದೆಯೇ ಹೊರಟಂತಾಯಿತು. ಆಮೇಲೆ ಬಾಯಿಂದ ಬಂದದ್ದನ್ನು ಪುರಿಂಗ್ ಮೊದಲು ಯೋಚಿಸಿಟ್ಟಿರಲಿಲ್ಲ.

"ಏನಂತ ಹೇಳ್ಲಿ ಗ್ಲೋರಿ, ಮನೆ ಮಾತು. ನನ್ನ ಮಗ ಬಿಸಿಲಲ್ಲಿ ಕಬ್ಬಿಣ ಹೊತ್ತು ದುಡಿದಿದ್ದೆಲ್ಲ ಎಲ್ಲಿಗೆ ಹೋಗ್ತಿತ್ತು ಅಂತ ನನಗೇನು ಗೊತ್ತಿಲ್ವಾ? ಇವಳ ತವರಿಗೆ. ಅವರಮ್ಮನ ಔಷಧಿ ಅಂತೆ, ತಮ್ಮನ ಫೀಸಂತೆ. ಇಲ್ಲಿ ಅಕ್ಕಿಗೆ ನಾನು ಎಣ್ಣೆ ಮುಂದೆ ಬೇಯಬೇಕು. ಬಂದಾಗಿನಿಂದ ಬೇಯಿಸಿ ಹಾಕಿದೀನಿ, ಒಂದು ದಿನ ತಾನಾಗಿ ಬಂದು 'ನೀವು ಕೂತ್ಕೊಳ್ಳಿ' ಅಂದಿದ್ದಿಲ್ಲ. ಒಂದೇ ಮಡಕೆಯಲ್ಲಿ ಎಷ್ಟು ದಿನ ಅಂತ ಉಣ್ಣೋದು?"

ಪುರಿಂಗಳ ಕಣ್ಣಲ್ಲಿ ನೀರು ಬಂತು. ಅದಕ್ಕೆ ಹೊಗೆಯೊಂದೇ ಕಾರಣವಾಗಿರಲಿಲ್ಲ. ಪರದೆಯ ಆಚೆ ಪಾತ್ರೆಯಲ್ಲಿ ಆಡುತ್ತಿದ್ದ ಸೌಟಿನ ಸದ್ದು ನಿಂತಿತು.

ಗ್ಲೋರಿ ಮತ್ತೆ ಇತ್ತ ತಿರುಗಿದಳು. ಅವಳ ಮನೆಯಲ್ಲೂ ಅತ್ತೆ ಇದ್ದಳು. ಕೊನೆಗೆ ತಗ್ಗಿದ ದನಿಯಲ್ಲಿ, ನಾಳೆ ಎರಡು ಚೀಲ ಕಳಿಸುತ್ತೇನೆ, ಅಳಬೇಡಿ ಎಂದು ಹೇಳಿ ಮುಂದಿನ ಮನೆಗೆ ಹೋದಳು.

ಪುರಿಂಗ್ ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡು ಒಳಗೆ ಬಂದಳು. ಗೆದ್ದ ಖುಷಿಯಲ್ಲಿ, ಹೇಗೆ ನಂಬಿಸಿದೆ ನೋಡಿದೆಯಾ ಎಂದು ಸೊಸೆಯನ್ನು ಕೇಳಿದಳು. ರೊವೆನಾ ತಿರುಗದೆಯೇ ನೋಡಿದೆ ಎಂದಳು. ಮಧ್ಯಾಹ್ನ ಎರಡೂ ಅನ್ನವನ್ನು ಒಂದೇ ಪಾತ್ರೆಗೆ ಸುರಿಯಲು ಪುರಿಂಗ್ ತನ್ನ ಮಡಕೆ ಹೊತ್ತು ತಂದರೆ, ರೊವೆನಾ ಆಗಲೇ ತನಗೂ ಮಗುವಿಗೂ ಬಡಿಸಿಕೊಂಡಾಗಿತ್ತು. ಗ್ಲೋರಿಯಕ್ಕ ಮತ್ತೆ ಬಂದರೆ ಕಷ್ಟ, ಸ್ವಲ್ಪ ದಿನ ಹೀಗೇ ಇರಲಿ ಎಂದಳು. ಮಾತು ಸರಿಯಾಗಿಯೇ ಇತ್ತು. ಪುರಿಂಗ್ ಮೆಟ್ಟಿಲ ಮೇಲೆ ಕೂತು ಉಂಡಳು.

ಚೀಲಗಳು ಬಂದವು. ಹಾಲಿನ ಪುಡಿಯೂ ಬಂತು, ಬಿಯಾಳ ಕೆನ್ನೆಯೂ ಸ್ವಲ್ಪ ತುಂಬಿಕೊಂಡಿತು. ಆದರೆ ರೊವೆನಾ ತನ್ನ ಚೀಲದ್ದನ್ನು ತನ್ನ ಡಬ್ಬಿಗೆ ಹಾಕಿಕೊಂಡಳು, ಅತ್ತೆಯದನ್ನು ಬಿಚ್ಚದೆ ಹಾಗೆಯೇ ಮೆಟ್ಟಿಲ ಹತ್ತಿರ ಇಟ್ಟಳು. ಸಿಡುಕಲಿಲ್ಲ, ಎದುರಾಡಲಿಲ್ಲ. ಅತ್ತೆಯ ಬಟ್ಟೆ ಒಗೆದಳು, ಬೆನ್ನಿಗೆ ಎಣ್ಣೆ ತಿಕ್ಕಿದಳು, ನೀರಿನ ಸರದಿಗೆ ತಾನೇ ನಿಂತಳು. ಅಡುಗೆಯ ಹೊತ್ತಾದರೆ ಮಾತ್ರ ಅವಳ ಪಾಡಿಗೆ ಅವಳು. ಜಗಳವಾಡಿದ್ದರೆ ಪುರಿಂಗ್ ಎರಡು ಮಾತು ಬೈದು, ಅತ್ತು, ಮುಗಿಸುತ್ತಿದ್ದಳು. ಜಗಳಕ್ಕೇ ಸಿಗದವಳ ಹತ್ತಿರ ಏನು ಮಾಡುವುದು?

ಒಂದು ಶುಕ್ರವಾರ ಪುರಿಂಗ್ ಹೆಸರುಕಾಳಿಗೆ ನುಗ್ಗೆಸೊಪ್ಪು ಹಾಕಿ ಬೇಯಿಸಿದಳು. ಶುಕ್ರವಾರ ಅದೇ ಆಗಬೇಕು, ರೊವೆನಾಗೆ ಅದು ಪ್ರಾಣ. ಬಸುರಿಯಾಗಿದ್ದಾಗ ಬೇರೇನೂ ಸೇರದೆ ಅದೊಂದನ್ನೇ ಬಟ್ಟಲುಗಟ್ಟಲೆ ತಿಂದಿದ್ದಳು. ಪುರಿಂಗ್ ಒಂದು ಬಟ್ಟಲು ತುಂಬಿ ಒಳಗೆ ಕೊಟ್ಟು ಬಂದಳು. ಮನಸ್ಸಿಗೆ ಸ್ವಲ್ಪ ಹಗುರವೆನಿಸಿತು. ಸಂಜೆ ಬಟ್ಟಲು ತೊಳೆದು ವಾಪಸು ಬಂತು, ಒಳಗೆ ಎರಡು ಕರಿದ ಒಣಮೀನು ಇದ್ದವು. ಪಕ್ಕದ ಮನೆಯ ಬಟ್ಟಲನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಪುರಿಂಗ್ ಆ ಮೀನನ್ನು ಬಹಳ ಹೊತ್ತು ನೋಡಿದಳು. ಹಸಿವಾಗಿದ್ದರಿಂದ ತಿಂದೂ ತಿಂದಳು.

ಮರುದಿನ ಕಾಲುವೆಯ ಕಡೆಯ ಕಿಟಕಿಯ ಹತ್ತಿರ ರೊವೆನಾ ಬಟ್ಟೆ ಹರವುತ್ತಿದ್ದಾಗ ಪುರಿಂಗ್ ತಾನೇ ಮಾತು ತೆಗೆದಳು.

"ಅವತ್ತು ಅಂದಿದ್ದು... ಅದು ಗ್ಲೋರಿಗೆ ಹೇಳಿದ್ದು ಕಣೆ. ಚೀಲಕ್ಕೋಸ್ಕರ."

"ಗೊತ್ತಮ್ಮ."

"ಮತ್ತೆ? ಮನಸ್ಸಲ್ಲಿ ಇಟ್ಕೊಂಡಿದೀಯ."

ರೊವೆನಾ ಒಂದು ಅಂಗಿಯನ್ನು ಕೊಡವಿ ಹಗ್ಗಕ್ಕೆ ಹಾಕಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ದಣಿವಿತ್ತು.

"ಹೊಟ್ಟೆಹುಣ್ಣು ಅಂದ್ರಲ್ಲಮ್ಮ, ಅದು ಸುಳ್ಳು ಅಂತ ಗ್ಲೋರಿಯಕ್ಕಂಗೆ ತಕ್ಷಣ ಗೊತ್ತಾಯ್ತು. ಆಮೇಲೆ ಹೇಳಿದ್ರಲ್ಲ, ಅದನ್ನ ನಂಬಿದ್ರು. ನಾನೂ ನಂಬಿದೆ."

ಪುರಿಂಗ್ ಅವತ್ತು ಗ್ಲೋರಿಗೆ ಹೇಳಿದ್ದು ನಿಜವೇ ಆಗಿತ್ತು. ವರ್ಷಗಟ್ಟಲೆ ಹೊಟ್ಟೆಯಲ್ಲಿ ಇಟ್ಟುಕೊಂಡು, ಅದರ ಮೇಲೆ ಅನ್ನ ಬಡಿಸಿಕೊಂಡು ಬಂದ ನಿಜ. ಆದರೆ ಸೊಸೆ ಬಂದ ಮೇಲೆ ಮನೆಯಲ್ಲಿ ನಗು ಬಂದದ್ದೂ ನಿಜ, ತನಗೆ ಜ್ವರ ಬಂದಾಗ ಅವಳು ಅಂಗಡಿಯ ಕೆಲಸಕ್ಕೆ ಚಕ್ಕರ್ ಹೊಡೆದು ಪಕ್ಕದಲ್ಲೇ ಕೂತಿದ್ದೂ ನಿಜ. ಅದನ್ನು ಗ್ಲೋರಿಯ ಮುಂದೆ ಹೇಳಿದ್ದರೆ ಯಾವ ಚೀಲವೂ ಬರುತ್ತಿರಲಿಲ್ಲ. ಈಗ ಸೊಸೆಯ ಮುಂದೆ ಹೇಳಬಹುದಿತ್ತು. ಅದರ ಬದಲು ಬಕೆಟ್ಟಿನಲ್ಲಿ ಉಳಿದಿದ್ದ ಬಟ್ಟೆ ಹಿಂಡಿಕೊಟ್ಟಳು.

ಮಳೆ ಶುರುವಾಗುವ ಹೊತ್ತಿಗೆ ಲಾಕ್‌ಡೌನಿಗೆಂದು ಓಣಿಯ ಬಾಯಿಗೆ ಕಟ್ಟಿದ್ದ ಬಿದಿರಿನ ತಡೆ ತೆಗೆದರು. ಗ್ಲೋರಿ ಮೂರು ಚಕ್ರದ ಗಾಡಿಯಲ್ಲಿ ಕೂತು ಧ್ವನಿವರ್ಧಕದಲ್ಲಿ ಸಾರಿಕೊಂಡು ಹೋದಳು: ನೆರವಿನ ಚೀಲ ಇದೇ ಕಡೆಯದು, ಇನ್ನು ಮುಂದೆ ಇಲ್ಲ, ಕಚೇರಿಯ ಹತ್ತಿರ ಯಾರೂ ಬಂದು ಕಾಯಬೇಡಿ. ಜನ ಗೊಣಗಿದರು. ಪುರಿಂಗಳಿಗೆ ಮಾತ್ರ ಒಳಗೊಳಗೆ ಜೀವ ಬಂದಂತಾಯಿತು. ಚೀಲ ಹೋದರೆ ಹೋಗಲಿ. ಇನ್ನು ಯಾರಿಗೂ ಏನೂ ತೋರಿಸಬೇಕಿಲ್ಲ. ಎರಡು ಒಲೆಗೆ ಕಾರಣವೇ ಉಳಿಯಲಿಲ್ಲ.

ಮಧ್ಯಾಹ್ನ ಅವಳು ತನ್ನ ಒಲೆ ಹತ್ತಿಸಲಿಲ್ಲ. ಬೆಳಗಿನ ಕಾಫಿಗೆ ಹಾಕಿದ ಇದ್ದಿಲು ತಾನಾಗಿ ಬೂದಿಯಾಗಲಿ ಎಂದು ಬಿಟ್ಟಳು. ತಲೆ ಬಾಚಿಕೊಂಡು, ಅಕ್ಕಿ ಉಳಿದಿದ್ದ ತನ್ನ ಡಬ್ಬಿಯನ್ನು ಎದೆಗೆ ಅವಚಿಕೊಂಡು ಮೇಲೆ ಹತ್ತಿದಳು. ಇದನ್ನು ನಿನ್ನದರ ಜೊತೆ ಸುರಿದುಬಿಡು ಎಂದಷ್ಟೇ ಹೇಳಬೇಕು, ಆಮೇಲೆ ತಟ್ಟೆ ತೆಗೆದುಕೊಂಡು ಕೂತುಬಿಡಬೇಕು ಎಂದುಕೊಂಡಿದ್ದಳು. ಒಳಗೆ ತಟ್ಟೆಯ ಸದ್ದು ಕೇಳಿಸುತ್ತಿತ್ತು.

ಪರದೆ ಸರಿಸಿದಳು. ಮೇಜಿನ ಮೇಲೆ ಎರಡು ತಟ್ಟೆ, ಅನ್ನ, ಟೊಮೆಟೊ ಹಾಕಿ ಹುರಿದ ಸಾರ್ಡೀನ್. ರೊವೆನಾ ಮಗುವಿಗೆ ತುತ್ತು ಕಲೆಸುತ್ತಿದ್ದವಳು ತಲೆ ಎತ್ತಿದಳು. ಅತ್ತೆಯನ್ನು ನೋಡಿ ನಕ್ಕಳು. ಒಳ್ಳೆಯ ನಗುವೇ.

"ಬನ್ನಿ ಅಮ್ಮ, ಊಟ ಮಾಡೋಣ."

ಪುರಿಂಗ್ ಹೊಸ್ತಿಲಲ್ಲೇ ನಿಂತಳು. ಡಬ್ಬಿಯೊಳಗೆ ಅಕ್ಕಿ ಸರ್ರನೆ ಒಂದು ಕಡೆಗೆ ಜಾರಿತು. ರೊವೆನಾಳ ಕೈ ಅನ್ನದ ಸೌಟಿನ ಕಡೆಗೂ ಹೋಗಲಿಲ್ಲ, ಮೂರನೆಯ ತಟ್ಟೆಯ ಕಡೆಗೂ ಹೋಗಲಿಲ್ಲ. ಉತ್ತರಕ್ಕಾಗಿ ಕಾಯುತ್ತ ಮಗುವಿನ ತುತ್ತಿನ ಮೇಲೆಯೇ ನಿಂತಿತ್ತು.

"ನೀವು ಮಾಡಿ," ಎಂದಳು ಪುರಿಂಗ್. "ನನ್ನದಾಯ್ತು."

ಪರದೆಯನ್ನು ಮೊದಲಿದ್ದ ಹಾಗೆಯೇ ಎಳೆದು ಕೆಳಗಿಳಿದಳು. ಮೆಟ್ಟಿಲ ಕೆಳಗೆ ಕೂತು, ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದಳು. ಅಡಿಯಲ್ಲಿ ಒಂದು ಕೆಂಡ ಇನ್ನೂ ಇತ್ತು. ಅದರ ಮೇಲೆ ಎರಡು ಇದ್ದಿಲು ಇಟ್ಟು, ರಟ್ಟಿನ ಚೂರು ಎತ್ತಿಕೊಂಡು ಬೀಸತೊಡಗಿದಳು. ಬೆನ್ನ ಹಿಂದೆ ಓಣಿಯಲ್ಲಿ ಯಾರೋ ದಾಟಿಹೋದರು.