ಮೀನಖಂಡಕ್ಕೆ ಮಡಿ ಪಟ್ಟಿ

ರಂಜನಿಗೆ ಬೆಟ್ಟ ಹತ್ತುವ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ಹಾಸನದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ಈಕೆ ವಾರವೆಲ್ಲ ಕಾಟನ್ ಸೀರೆಯಲ್ಲಿ ಗಂಭೀರವಾಗಿ ಇರುತ್ತಿದ್ದಳು. ರಜೆ ಬಂತೆಂದರೆ ಬೇರೆಯೇ ಅವತಾರ. ಮೈಗೆ ಅಂಟಿ ಕೂರುವ ಕಂಪ್ರೆಷನ್ ಪ್ಯಾಂಟು, ಇಲ್ಲವೇ ಮೀನಖಂಡವನ್ನು ಹಿಡಿದಿಡುವ ಕಂಪ್ರೆಷನ್ ಸ್ಲೀವು. ಅವನ್ನು ಕಾಲಿಗೆ ಏರಿಸಿಕೊಳ್ಳುವುದೇ ಅರ್ಧ ಬೆಟ್ಟ ಹತ್ತಿದಷ್ಟು ಕೆಲಸ. ಆದರೂ ಅವಳಿಗೆ ಅದರ ಮೇಲೆ ಅಪಾರ ನಂಬಿಕೆ. ರಕ್ತ ಚೆನ್ನಾಗಿ ಓಡುತ್ತೆ, ಸ್ನಾಯು ಅಲುಗಾಡಲ್ಲ, ಮಾರನೇ ದಿನ ನೋವೇ ಇರಲ್ಲ ಎಂದು ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಕೊಂಡು ಬರುತ್ತಿದ್ದಳು.

ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಓಡಾಡುವ ಸಹೋದ್ಯೋಗಿ ಸುದರ್ಶನ್ ಇದನ್ನೆಲ್ಲ ನಂಬುವ ಆಸಾಮಿಯಲ್ಲ. "ಬಟ್ಟೆ ಕಂಪನಿಯವರು ನಿಮ್ಮ ತಲೆ ಸವರಿದಾರೆ ಮೇಡಂ. ಒಂದು ಕಾಲಿಗೆ ಹಾಕ್ಕೊಂಡು, ಇನ್ನೊಂದನ್ನ ಹಾಗೇ ಬಿಟ್ಟು ಒಂದು ಸಲ ಹತ್ತಿ. ವ್ಯತ್ಯಾಸ ಗೊತ್ತಾದ್ರೆ ನಾನೂ ತಗೋತೀನಿ" ಎಂದು ಛೇಡಿಸಿದ. ರಂಜನಿಗೆ ರೇಗಿತು. ಹಾಗೇ ಮಾಡಿ ತೋರಿಸುತ್ತೇನೆ ಎಂದುಬಿಟ್ಟಳು.

ಅವಳ ನಂಬಿಕೆಯ ಬಿಸಿ ಹೊಳೆನರಸೀಪುರದ ತವರಿಗೂ ತಟ್ಟಿತ್ತು. ಅಪ್ಪ ಸಂಪತ್ಕುಮಾರ ಅಯ್ಯಂಗಾರರು ಅರಕಲಗೂಡು ದಾರಿಯ ಗುಡ್ಡದ ರಂಗನಾಥನಿಗೆ ಅರ್ಚಕರು. ಶನಿವಾರ ಶನಿವಾರ ಗುಡ್ಡದ ಬುಡದ ಕೊಳದಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಪೂಜೆ ಮಾಡಿ ಇಳಿಯುವುದು ಅವರ ಪದ್ಧತಿ. ಈಚೆಗೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಡುದಾರಿಯಲ್ಲಿ ಕೂತು ಕಾಲು ನೀವಿಕೊಂಡದ್ದನ್ನು ಯಾರೋ ನೋಡಿ ಮನೆಗೆ ಬಂದು ಹೇಳಿದ ಮೇಲಂತೂ ಅವರು ಕುಗ್ಗಿಹೋಗಿದ್ದರು. ಕಾಲು ಕೈಕೊಟ್ಟರೆ ರಂಗನಾಥನ ಪೂಜೆ ಕೈಬಿಟ್ಟಂತೆ. ಆ ಪೂಜೆ ಬಿಟ್ಟು ಅವರಿಗೆ ಬೇರೆ ಬದುಕು ಇರಲಿಲ್ಲ.

ರಂಜನಿ ಅಪ್ಪನಿಗೂ ಒಂದು ಜೊತೆ ಸ್ಲೀವು ತಂದುಕೊಟ್ಟಳು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು.

"ನೈಲಾನು. ಅದೂ ಹೊಲಿದದ್ದು. ಇದನ್ನ ಹಾಕ್ಕೊಂಡು ಗರ್ಭಗುಡಿಗೆ ಹೋಗೋಕಾಗುತ್ತೇನಮ್ಮ? ಮಡಿ ಏನಾಗಬೇಕು?"

"ಅಪ್ಪ, ನೈಲಾನೋ ಹತ್ತಿಯೋ ಅದು ಮುಖ್ಯ ಅಲ್ಲ. ಬಿಗಿ ಮುಖ್ಯ. ಬಿಗಿಯಾಗಿ ಹಿಡಿದುಕೊಂಡರೆ ನೋವು ಬರಲ್ಲ ಅಷ್ಟೆ" ಎಂದು ಸಿಡುಕಿ ರಂಜನಿ ಎದ್ದು ಹೋದಳು. ಸ್ಲೀವು ಬೀರುವಿನ ಮೂಲೆ ಸೇರಿತು. ಅವಳು ಆ ಮಾತನ್ನು ಅಲ್ಲಿಗೇ ಮರೆತಳು. ಅಪ್ಪ ಮರೆಯಲಿಲ್ಲ.

ಸುದರ್ಶನನ ಸವಾಲಿಗೆ ಅವಳು ಆರಿಸಿಕೊಂಡದ್ದು ಅದೇ ಗುಡ್ಡವನ್ನು. ಶನಿವಾರ ಬೆಳಿಗ್ಗೆ ಅವಳು ಬುಡ ತಲುಪುವಷ್ಟರಲ್ಲಿ ಅಪ್ಪ ಆಗಲೇ ಮೇಲೆ ಹೋಗಿದ್ದರು. ಎಡಗಾಲಿಗೆ ಕಪ್ಪು ಸ್ಲೀವು, ಬಲಗಾಲು ಬೋಳು. ಮೊಣಕಾಲಿನವರೆಗಿನ ಪ್ಯಾಂಟಿನಲ್ಲಿ ಅವಳು ಏರುತ್ತಿದ್ದರೆ ಇಳಿಯುವವರೆಲ್ಲ ಕಾಲಿಗೆ ಪೆಟ್ಟಾಯಿತೇ ಎಂದು ಕೇಳುವವರೇ. ನಿಜ ಹೇಳಬೇಕೆಂದರೆ ಎರಡು ಕಾಲೂ ಒಂದೇ ಸಮ ಸುಸ್ತಾಗಿದ್ದವು. ಸುದರ್ಶನನಿಗೆ ಏನು ಹೇಳುವುದು ಎಂಬ ಯೋಚನೆಯಲ್ಲೇ ಅವಳು ಗುಡಿಯ ಒಳಗೆ ಕಾಲಿಟ್ಟಳು.

ಅಭಿಷೇಕ ನಡೆಯುತ್ತಿತ್ತು. ಅಪ್ಪ ಹೊಸ್ತಿಲ ಒಳಗಡೆ ಬೆನ್ನು ಮಾಡಿ ನಿಂತು ಹಾಲು ಎರೆಯುತ್ತ ಮಂತ್ರ ಹೇಳುತ್ತಿದ್ದರು. ಹಾಲು ತಂದಿದ್ದ ಹಳೇಕೋಟೆಯ ಲಕ್ಕಮ್ಮ ರಂಜನಿಯ ಪಕ್ಕಕ್ಕೆ ಸರಿದು ಪಿಸುಗುಟ್ಟಿದಳು.

"ಅವ್ವಾ, ಅಯ್ನೋರ ಕಾಲು ಯಾಕಂಗೈತೆ ನೋಡು. ಇಂಕು ಬಳ್ದಂಗೆ!"

ರಂಜನಿ ನೋಡಿದಳು. ಅಪ್ಪನ ಎಡಪಾದ ಎಂದಿನಂತೆ ಬೆಳ್ಳಗಿತ್ತು. ಬಲಪಾದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಊದಿಕೊಂಡಿತ್ತು. ಎತ್ತಿ ಕಟ್ಟಿದ ಪಂಚೆಯ ಅಂಚಿನಲ್ಲಿ, ಮೊಣಕಾಲಿನ ಕೆಳಗೆ, ಒದ್ದೆ ಬಟ್ಟೆಯ ಪಟ್ಟಿಯೊಂದು ಮಾಂಸದೊಳಕ್ಕೆ ಇಳಿದು ಕೂತಿತ್ತು. ಅಂಚಿನ ಕೆಂಪು ಗೆರೆ ನೋಡಿದೊಡನೆ ಅವಳಿಗೆ ಗುರುತು ಹತ್ತಿತು. ಅಪ್ಪನ ಹಳೇ ಪಂಚೆ. ಅಮ್ಮ ಶ್ರೀರಂಗಮ್ಮನ ಕೈಯಲ್ಲಿ ಪಟ್ಟಿ ಸೀಳಿಸಿ, ಕೊಳದಲ್ಲಿ ಅದ್ದಿ, ಮಡಿಯಲ್ಲೇ ಬಿಗಿದುಕೊಂಡಿದ್ದಾರೆ. ನೈಲಾನೋ ಹತ್ತಿಯೋ, ಬಿಗಿ ಮುಖ್ಯ ಎಂದು ಹೇಳಿದ್ದು ಅವಳೇ. ಸ್ಲೀವಾದರೆ ಕಾಲು ಊದಿದ ಹಾಗೆ ಹಿಗ್ಗುತ್ತದೆ. ಒದ್ದೆ ಪಂಚೆ ಎಲ್ಲಿ ಹಿಗ್ಗುತ್ತದೆ? ಹತ್ತುತ್ತ ಹತ್ತುತ್ತ ಕಾಲು ಊದಿದೆ, ಗಂಟು ಇನ್ನಷ್ಟು ಕಚ್ಚಿಕೊಂಡಿದೆ.

"ಅಪ್ಪ!" ಎಂದಳು. ಅವರು ತಿರುಗಲಿಲ್ಲ. ಮಂತ್ರದ ನಡುವೆ ಮಾತಾಡುವಂತಿಲ್ಲ, ಸುಮ್ಮನಿರು ಎಂದು ಎಡಗೈ ಬೀಸಿದರು.

ಮಡಿಯಲ್ಲಿರುವ ಅಪ್ಪನನ್ನು ಮುಟ್ಟಬಾರದು ಎಂಬುದು ಅವಳಿಗೆ ಅಕ್ಷರ ಕಲಿಯುವ ಮೊದಲೇ ಕಲಿಸಿದ ಪಾಠ. ಚಿಕ್ಕಂದಿನಲ್ಲಿ ಒಮ್ಮೆ ಪಂಚೆಯ ಚುಂಗು ತಗುಲಿದ್ದಕ್ಕೇ ಅಪ್ಪ ಗುಡುಗಿ ಮತ್ತೆ ಸ್ನಾನಕ್ಕೆ ಹೋಗಿದ್ದರು. ಈಗ ಅವಳು ಬೆವರಿನ ಬಟ್ಟೆಯಲ್ಲೇ ಹೊಸ್ತಿಲ ಹೊರಗೆ ಮಂಡಿಯೂರಿ, ಕೈ ಚಾಚಿ, ಗುಡುಗನ್ನು ಎದುರುನೋಡುತ್ತ ಆ ಪಾದವನ್ನು ಹಿಡಿದುಕೊಂಡಳು.

ಅಪ್ಪ ಮಂತ್ರ ಹೇಳುತ್ತಲೇ ಇದ್ದರು.

ಪಾದ ತಣ್ಣಗೆ ಕೊರೆಯುತ್ತಿತ್ತು. ಅವಳು ಹಿಂಡಿದಳು. ಹೆಬ್ಬೆರಳನ್ನು ತಿರುಚಿದಳು. ಅಪ್ಪನ ದನಿ ಒಂದಿಷ್ಟೂ ಅಲುಗಲಿಲ್ಲ, ಹಾಲಿನ ಧಾರೆ ತುಂಡಾಗಲಿಲ್ಲ. ಅವಳ ಕೈ ತಮ್ಮ ಕಾಲ ಮೇಲಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

"ಅಯ್ಯೋ, ಮುಟ್ಬುಟ್ಲು ಕಣ್ರಮ್ಮೋ!" ಎಂದು ಹಿಂದೆ ಯಾರೋ ಕೂಗಿದರು. ಆಗ ಸಂಪತ್ಕುಮಾರರು ತಿರುಗಿ ನೋಡಿದರು. ಮೊದಲು ಕಣ್ಣಲ್ಲಿ ಸಿಟ್ಟು ಉರಿಯಿತು. ಆಮೇಲೆ ಅವಳು ಎರಡೂ ಕೈಯಲ್ಲಿ ತಮ್ಮ ಪಾದವನ್ನು ಹಿಸುಕುತ್ತಿರುವುದು ಕಂಡಿತು. ಸಿಟ್ಟು ಹಾಗೇ ಆರಿ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಹಾಲಿನ ಚೊಂಬು ಜಾರಿ ಉರುಳಿತು.

ರಂಜನಿ ಹೊಸ್ತಿಲು ದಾಟಿಯೇಬಿಟ್ಟಳು. ಗಂಟಿಗೆ ಉಗುರು ಹಾಕಿದರೆ ಉಗುರು ಮುರಿಯಿತು. ಚಾಕುವಿಲ್ಲ, ಕತ್ತರಿಯಿಲ್ಲ. ಅವಳು ಬಗ್ಗಿ ಗಂಟಿಗೆ ಬಾಯಿ ಹಾಕಿದಳು. ಗರ್ಭಗುಡಿಯಲ್ಲಿ, ದೇವರ ಎದುರಿಗೆ, ಅರ್ಚಕರ ಕಾಲಿಗೆ ಎಂಜಲು! ಹೊರಗೆ ನಿಂತವರ ಉಸಿರೇ ನಿಂತಿತು. ಲಕ್ಕಮ್ಮ ಮಾತ್ರ, "ಕಚ್ಚವ್ವ, ಇನ್ನೂ ಗಟ್ಟಿಯಾಗಿ ಕಚ್ಚು, ದೇವ್ರು ಏನೂ ಅನ್ಕಳಲ್ಲ" ಎಂದು ಹುರಿದುಂಬಿಸಿದಳು. ಗಂಟು ಸಡಿಲಿತು. ಪಟ್ಟಿ ಬಿಚ್ಚಿದ ಕಡೆ ಬೆರಳು ಹೂತುಹೋಗುವಷ್ಟು ಆಳದ ಗೀರು. ಅಪ್ಪ ಹೆಜ್ಜೆ ಎತ್ತಲು ಹೋಗಿ ಕುಸಿದು ಅವಳ ಭುಜದ ಮೇಲೆ ಬಿದ್ದರು.

ಹಳೇಕೋಟೆಯ ಗಂಡಸರು ಅವರನ್ನು ಕೈಯಲ್ಲೇ ಹೊತ್ತು ಇಳಿಸಿದರು. ದಾರಿಯಲ್ಲಿ ಪಾದಕ್ಕೆ ರಕ್ತ ಇಳಿಯತೊಡಗಿದಾಗ ಅವರು ನೋವಿಗೆ ಹಲ್ಲು ಕಚ್ಚಿ ನರಳಿದರು. ಆ ನರಳಾಟ ಕೇಳಿ ರಂಜನಿಗೆ ಹೋದ ಜೀವ ಬಂದಂತಾಯಿತು.

ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಡಾಕ್ಟರ್ ಬಿಂದುಶ್ರೀ ಕಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ರಂಜನಿಯ ಒಂಟಿ ಸ್ಲೀವನ್ನೂ ನೋಡಿದರು.

"ಇದರಿಂದ ಹತ್ತೋ ಶಕ್ತಿಯೇನೂ ಬರಲ್ಲ ಮೇಡಂ. ಇಳಿದ ಮೇಲೆ ಕೆಲವರಿಗೆ ನೋವು ಸ್ವಲ್ಪ ಕಮ್ಮಿ ಅನ್ಸುತ್ತೆ. ಸರಿಯಾದ ಅಳತೆದು ಹಾಕ್ಕೊಂಡ್ರೆ ತೊಂದರೆಯಿಲ್ಲ. ಆದರೆ ಇವರು ಕಟ್ಟಿಕೊಂಡಿದ್ದು ಅದಲ್ಲ, ಉರುಳು. ಇನ್ನೊಂದಿಷ್ಟು ಹೊತ್ತು ಹೋಗಿದ್ರೆ ಕಾಲೇ ಹೋಗ್ತಿತ್ತು."

ರಂಜನಿ ಬಗ್ಗಿ ತನ್ನ ಕಾಲಿನ ಸ್ಲೀವನ್ನು ಕಳಚಿಹಾಕಿದಳು.

"ಬಣ್ಣ ವಾಪಸ್ ಬಂದಿದೆ. ಈಗ ನರ ನೋಡಬೇಕು. ಅಂಗಾಲಲ್ಲಿ ಸ್ಪರ್ಶ ಇಲ್ಲದಿದ್ರೆ ಬರಿಗಾಲಲ್ಲಿ ಮೆಟ್ಟಿಲು ಹತ್ತೋದು ಬಂದ್. ಸ್ವಾಮಿಗಳೇ, ಕಣ್ಣು ಮುಚ್ಕೊಳ್ಳಿ. ನಾನು ಪಿನ್ ಮುಟ್ಟಿಸಿದಾಗಲೆಲ್ಲ ಹೂಂ ಅನ್ನಿ."

ಸಂಪತ್ಕುಮಾರರು ಕಣ್ಣು ಮುಚ್ಚಿದರು. ಡಾಕ್ಟರು ಮೊಣಕಾಲಿನ ಬಳಿ ಮುಟ್ಟಿಸಿದರು. "ಹೂಂ." ಪಾದದ ಮೇಲಿನ ಹರಡಿನ ಹತ್ತಿರ. "ಹೂಂ." ಅಂಗಾಲಿಗೆ. "ಹೂಂ." ರಂಜನಿ ಕಣ್ಣೊರೆಸಿಕೊಂಡು ನಕ್ಕಳು.

ಡಾಕ್ಟರು ನಗಲಿಲ್ಲ. ಪಿನ್ನನ್ನು ಮೇಲೆತ್ತಿ ಹಿಡಿದು ಸುಮ್ಮನೆ ನಿಂತರು.

"ಹೂಂ" ಎಂದರು ಅಪ್ಪ. ತುಸು ಬಿಟ್ಟು, ಮಂತ್ರ ಹೇಳುವ ಅದೇ ಗಟ್ಟಿ ದನಿಯಲ್ಲಿ, ಮತ್ತೆ "ಹೂಂ" ಎಂದರು.

ಡಾಕ್ಟರು ರಂಜನಿಯ ಮುಖ ನೋಡಿದರು. ಹೇಳದೆ ಬೇರೆ ದಾರಿಯಿರಲಿಲ್ಲ.

"ಅಪ್ಪ, ಅವರು ಮುಟ್ಟೇ ಇಲ್ಲ."

ಸಂಪತ್ಕುಮಾರರು ಕಣ್ಣು ತೆರೆಯಲಿಲ್ಲ.

"ಮುಂದಿನ ಶನಿವಾರದ ಹೊತ್ತಿಗೆ ಮುಟ್ಟಿದ್ದು ಗೊತ್ತಾಗುತ್ತೆ ಅಂತ ಹೇಳಮ್ಮ ಅವರಿಗೆ" ಎಂದರು.