ಸಿಪ್ಪೆ ಸಮೇತ

ದೊಡ್ಡಣ್ಣನಿಗೂ ನನಗೂ ಮೊದಲ ಜಗಳ ಹತ್ತಿದ್ದು ಆಲೂಗಡ್ಡೆ ಸಿಪ್ಪೆಯ ವಿಷಯಕ್ಕೆ, ಅದೂ ನಾನು ಕೆಲಸಕ್ಕೆ ಸೇರಿದ ಮೊದಲನೇ ದಿನವೇ. ಆಲೂಗಡ್ಡೆಯನ್ನು ಉಜ್ಜಿ ತೊಳೆದು ಸಿಪ್ಪೆ ಸಮೇತ ಹೆಚ್ಚುತ್ತಿದ್ದೆ. ಅವನು ಹಿಂದಿನಿಂದ ಬಂದು, "ಏನಮ್ಮ, ಇದು ಜನ ತಿನ್ನೋಕೋ, ದನ ತಿನ್ನೋಕೋ?" ಎಂದ. "ಸಿಪ್ಪೆ ತೆಗೆದ್ರೆ ಅದರಲ್ಲಿ ಏನಿರುತ್ತೆ, ಮಣ್ಣು?" ಎಂದೆ ನಾನು. ಅಡುಗೆಮನೆಯಲ್ಲಿದ್ದ ಆರೂ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡಿದರು. ಅವನು ಅಲ್ಲಿಯ ಮುಖ್ಯ ಅಡುಗೆಯವನು, ಎಲ್ಲರಿಗೂ ದೊಡ್ಡಣ್ಣ, ಅವನಿಗೆ ಯಾರೂ ಎದುರಾಡಿದ್ದೇ ಇಲ್ಲವಂತೆ. ಅವನು ಮಾತ್ರ ನಕ್ಕುಬಿಟ್ಟ. "ಪಟಾಕಿ ಇವಳು" ಎಂದ. ಅಂದಿನಿಂದ ಅಲ್ಲಿ ನನ್ನ ಹೆಸರು ಅದೇ ಆಯಿತು.

ಎದುರಿಗೆ ಅವನನ್ನು 'ನೀವು' ಎನ್ನುತ್ತಿದ್ದೆ, ವಯಸ್ಸಿನಲ್ಲಿ ನನ್ನ ಅಪ್ಪನಷ್ಟು ದೊಡ್ಡವನು. ಆದರೆ ಈ ಕಥೆಯಲ್ಲಿ 'ಅವನು' ಎಂದೇ ಹೇಳುತ್ತೇನೆ. ಅಷ್ಟಾದರೂ ನನ್ನ ಸಮಾಧಾನಕ್ಕಿರಲಿ.

ನಮ್ಮದು ಗಾಜಿನ ಬಾಟಲಿ ಕಾರ್ಖಾನೆಯ ಕ್ಯಾಂಟೀನು. ಮಧ್ಯಾಹ್ನ ಮುನ್ನೂರು ಊಟ. ಕುಲುಮೆಯ ಕಡೆಯವರು ಬೆಳಗ್ಗೆಯಿಂದ ಬೆವರು ಸುರಿಸಿ ಬರುತ್ತಾರೆ, ಉಪ್ಪು ಒಂದು ಚಿಟಿಕೆ ಮುಂದಿದ್ದರೇ ಅವರಿಗೆ ಊಟ ಮಾಡಿದಂತಾಗುವುದು. ಫ್ಯಾನಿನ ಕೆಳಗೆ ಕೂತು ಬರುವ ಆಫೀಸಿನವರು ಅದೇ ಊಟಕ್ಕೆ ಮುಖ ಕಿವುಚುತ್ತಾರೆ. ಇಬ್ಬರನ್ನೂ ಒಂದೇ ಪಾತ್ರೆಯಿಂದ ಸಮಾಧಾನ ಮಾಡಬೇಕು. ಅದಕ್ಕೆ ನಮ್ಮಲ್ಲೊಂದು ಕಟ್ಟುನಿಟ್ಟಿನ ನಿಯಮ ಇತ್ತು. ಉದ್ದ ಹಿಡಿಯ ಸೌಟೊಂದು ದೊಡ್ಡಣ್ಣನ ತಲೆಯ ಮೇಲಿನ ಮೊಳೆಗೆ ನೇತಾಡುತ್ತಿತ್ತು. ಅದರಿಂದ ಅವನು ರುಚಿ ನೋಡಿ, ಪಾತ್ರೆಯ ಅಂಚಿಗೆ ಎರಡು ಸಲ ಟಣ್ ಟಣ್ ಎಂದು ಬಡಿದ ಮೇಲೆಯೇ ಅಡುಗೆ ಹೊರಗೆ ಹೋಗಬೇಕು. ಅದಕ್ಕೆ ಮೊದಲು ಒಂದು ತಟ್ಟೆಯೂ ಕದಲುವಂತಿರಲಿಲ್ಲ.

ಆ ಟಣ್ ಟಣ್‌ಗೆ ಮೊದಲು ದಿನಾ ನಮ್ಮಿಬ್ಬರದು ಒಂದು ಸುತ್ತು ಆಗಲೇಬೇಕು. ಮೊಟ್ಟೆ ಎಷ್ಟು ನಿಮಿಷ ಬೇಯಬೇಕು? ಅವನು ಹನ್ನೆರಡು ಎಂದರೆ ನಾನು ಎಂಟು. ಈರುಳ್ಳಿ ಕೆಂಪಗಾಗಬೇಕೋ, ಬರೀ ಬಾಡಬೇಕೋ? ಅನ್ನ ಬಸಿಯಬೇಕೋ, ಇಂಗಿಸಬೇಕೋ? ಕೊನೆಗೆ ಉಪ್ಪು. ಅವನು ಸೌಟಿನಿಂದ ಹೀರಿ, ಹುಬ್ಬು ಗಂಟು ಹಾಕಿ, "ಜಾಸ್ತಿಯಾಯ್ತು ಕಣೇ ಇದು" ಎನ್ನುವನು. ನಾನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, "ಎಲ್ಲಿ ಜಾಸ್ತಿ? ನಿಮ್ಮ ನಾಲಿಗೆಗೇನು ಬಂತು? ಇನ್ನೂ ಒಂದು ಹಿಡಿ ಬೀಳಬೇಕು!" ಎಂದು ಹಾರಾಡುವೆ. ಅವನು ಗೊಣಗುತ್ತಾ ಒಂದು ಹಿಡಿ ಹಾಕಿ, ಮತ್ತೆ ನೋಡಿ, "ಹೂಂ, ನಿನ್ನ ಹಟಾನೇ ನಡೀಲಿ" ಎನ್ನುವನು. ಟಣ್ ಟಣ್. ಪಾತ್ರೆ ತೊಳೆಯುವ ಚಿಕ್ಕಮ್ಮ, "ಮದುವೆಯಾದವರೂ ಇಷ್ಟು ಜಗಳ ಆಡಲ್ಲಪ್ಪ" ಎಂದು ನಗುತ್ತಿದ್ದಳು. ನಾಲ್ಕು ವರ್ಷ ಹೀಗೆ ನಡೆಯಿತು. ಯಾರಿಗೂ ನೋವಿಲ್ಲದ ಜಗಳ, ನಿಜ ಹೇಳಬೇಕೆಂದರೆ ನನಗೆ ಅದು ಇಷ್ಟವಿತ್ತು. ನನ್ನ ಮಾತಿಗೆ ಬೆಲೆಯಿದೆ ಎಂದುಕೊಂಡಿದ್ದೆ.

ಕಾರ್ಖಾನೆಯ ಹಿಂದೆ ಹೊಸ ಕಟ್ಟಡ ಎದ್ದಾಗ ಅಲ್ಲಿಗೊಂದು ಬೇರೆ ಕ್ಯಾಂಟೀನು ಬೇಕಾಯಿತು. ಕ್ಯಾಂಟೀನು ನೋಡಿಕೊಳ್ಳುವ ಮ್ಯಾನೇಜರ್ ಮೇಡಂ ನನ್ನನ್ನು ಕರೆದು, "ಅಲ್ಲಿಗೆ ಮುಖ್ಯ ಅಡುಗೆಯವಳಾಗಿ ನಿನ್ನನ್ನೇ ಹಾಕೋಣ ಅಂತಿದೀವಿ" ಎಂದರು. ಸ್ವಂತ ಅಡುಗೆಮನೆ, ಸ್ವಂತ ಸೌಟು! ಮನೆಗೆ ಹೋಗಿ ಅತ್ತೆಗೆ ಹೇಳಿಬಿಟ್ಟೆ. ಮದುವೆಯಾದ ಲಾಗಾಯ್ತಿನಿಂದ ನನ್ನ ಅಡುಗೆಗೆ ಮೂಗು ಮುರಿದವರು ಅವರು. ಅಂದು ಮಾತ್ರ ಮರುಮಾತಾಡದೆ ಎರಡನೇ ಸಲ ಬಡಿಸಿಕೊಂಡರು.

ಆ ನೇಮಕಕ್ಕೆ ಮೊದಲು ಕಾರ್ಖಾನೆಯ ಯಜಮಾನರು ಊಟದ ರುಚಿ ನೋಡಲು ಬಂದ ದಿನ ನಾನು ನನ್ನ ಆಲೂಗಡ್ಡೆಯನ್ನೇ ಮಾಡಿದೆ. ಸಿಪ್ಪೆ ಸಮೇತ ಬೇಯಿಸಿ, ಅಂಗೈಯಿಂದ ಒತ್ತಿ ಬಿರುಕು ಬಿಡಿಸಿ, ದಪ್ಪ ಬಾಣಲೆಯಲ್ಲಿ ಬೆಳ್ಳುಳ್ಳಿ ಹಾಕಿ ನಿಧಾನವಾಗಿ ಹುರಿದದ್ದು. ಯಜಮಾನರು ತಟ್ಟೆ ಖಾಲಿ ಮಾಡಿ, "ಯಾರು ಮಾಡಿದ್ದು ಇದನ್ನ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಣ್ಣ ಮುಂದೆ ಬಂದ.

"ನಾನು ಹೇಳಿಕೊಟ್ಟಿದ್ದು ಸ್ವಾಮಿ. ಹುಡುಗಿ ಚುರುಕು, ಆದ್ರೆ ಉಪ್ಪಿನ ಅಳತೆ ಇನ್ನೂ ಕೈಗೆ ಕೂತಿಲ್ಲ. ದಿನಾ ನಾನು ಪಕ್ಕದಲ್ಲಿ ನಿಂತು ನೋಡಬೇಕು. ಒಬ್ಬಳನ್ನೇ ಬಿಟ್ರೆ ಕಷ್ಟ."

ಅಷ್ಟೇ. ನಾಲ್ಕು ವರ್ಷ ದಿನಾ ನಮ್ಮ ಜಗಳ ಕೇಳಿದವರೆಲ್ಲ ಅಲ್ಲೇ ಇದ್ದರು, ಒಬ್ಬರೂ ತುಟಿ ಬಿಚ್ಚಲಿಲ್ಲ. ಹೊಸ ಕ್ಯಾಂಟೀನಿಗೆ ಹೊರಗಿನವರು ಯಾರೋ ಬಂದರು. ಅತ್ತೆ, "ನಂಗೆ ಮೊದಲೇ ಗೊತ್ತಿತ್ತು" ಎಂದರು. ಆ ಒಂದು ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಇವನಿಗೆ ಬುದ್ಧಿ ಕಲಿಸದಿದ್ದರೆ ನಾನು ನನ್ನಪ್ಪನ ಮಗಳೇ ಅಲ್ಲ ಎಂದುಕೊಂಡೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಬೆಳಗ್ಗೆ ಅವನನ್ನು ಕಂಡರೆ ಹಲ್ಲು ಕಡಿಯುತ್ತಿದ್ದೆ, ಉಪ್ಪಿನ ಹೊತ್ತಿಗೆ ಎಂದಿನಂತೆ ಕೂಗಾಡುತ್ತಿದ್ದೆ. ಕೆಟ್ಟ ಅಡುಗೆ ಹೊರಗೆ ಹೋಗಲು ನನ್ನ ಮನಸ್ಸು ಒಪ್ಪುತ್ತಿರಲಿಲ್ಲ.

ದಾರಿ ತೋರಿಸಿದ್ದು ನನ್ನ ದವಡೆ ಹಲ್ಲು. ಹುಳುಕು ಹಲ್ಲೊಂದನ್ನು ಕೀಳಿಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಕೆಲಸಕ್ಕೆ ಬಂದಿದ್ದೆ. ಮಾತಾಡುವಂತಿಲ್ಲ, ಏನನ್ನೂ ಬಾಯಿಗಿಡುವಂತಿಲ್ಲ. ಅಂದು ಬೇಳೆ ಸೂಪು. ದೊಡ್ಡಣ್ಣ ಸೌಟೆತ್ತಿ ಹೀರಿ, "ಜಾಸ್ತಿಯಾಯ್ತಲ್ವೇನೇ?" ಎಂದ. ನಾನು ಕೆನ್ನೆ ತೋರಿಸಿ ಕೈಯಾಡಿಸಿದೆ. ಅವನು ಮತ್ತೆ ಹೀರಿದ. "ಕಮ್ಮಿನಾ ಹಾಗಾದ್ರೆ?" ನಾನು ಸುಮ್ಮನೆ ನಿಂತೆ. ಅವನು ಪಕ್ಕದವನಿಗೆ ಕೊಟ್ಟ. "ಸರಿಯಾಗಿದೆ ದೊಡ್ಡಣ್ಣ" ಎಂದ ಅವನು. ಚಿಕ್ಕಮ್ಮನಿಗೆ ಕೊಟ್ಟ. ಅವಳೂ, "ಸರಿಯಾಗಿದೆ." ಮುಖ್ಯ ಅಡುಗೆಯವನು ಸೌಟು ಚಾಚಿದರೆ ಅವರೆಲ್ಲ ಯಾವತ್ತೂ ಹೇಳುತ್ತಿದ್ದದ್ದು ಅದೊಂದೇ ಮಾತು. ದೊಡ್ಡಣ್ಣ ಮೂರನೇ ಸಲ ಹೀರಿದ. ಹಣೆಯ ಮೇಲೆ ಬೆವರೊಡೆದಿತ್ತು. ಕಡೆಗೆ ಟಣ್ ಟಣ್ ಎನ್ನಿಸಿದ.

ಸೂಪಿಗೆ ಉಪ್ಪನ್ನೇ ಹಾಕಿರಲಿಲ್ಲ. ಕುಲುಮೆಯವರು ತಟ್ಟೆ ಬಡಿದು ಗಲಾಟೆ ಎಬ್ಬಿಸಿದರು. ನಾನು ಒಲೆಯ ಪಕ್ಕ ನಿಂತು, ಮೂರು ಸಲ ಹೀರಿದವನಿಗೆ ಉಪ್ಪಿಲ್ಲದ್ದು ಗೊತ್ತಾಗಲಿಲ್ಲವೇ ಎಂದು ಯೋಚಿಸಿದೆ. ಮರುದಿನ ಅವನ ಟೀಗೆ ಸಕ್ಕರೆಯ ಬದಲು ಎರಡು ಚಮಚ ಉಪ್ಪು ಹಾಕಿ ಕೊಟ್ಟೆ. ಲೋಟ ಬರಿದು ಮಾಡಿ, "ಇವತ್ತು ಟೀ ಚೆನ್ನಾಗಿದೆ ಕಣೇ" ಎಂದ.

ಪಾತ್ರೆ ತೊಳೆಯುವ ಕಡೆ ಹೋಗಿ ಚಿಕ್ಕಮ್ಮನ ಬಾಯಿ ಬಿಡಿಸಿದೆ. ನಾನು ಸೇರುವ ಹಿಂದಿನ ವರ್ಷ ಅವನಿಗೆ ದೊಡ್ಡ ಜ್ವರ ಬಂದಿತ್ತಂತೆ. ಇಪ್ಪತ್ತು ದಿನ ಮಲಗಿ ಎದ್ದು ಬಂದ ಮೇಲೆ ಊಟ ಒಂದು ದಿನ ಉಪ್ಪುಪ್ಪು, ಇನ್ನೊಂದು ದಿನ ಸಪ್ಪೆ. ಆಫೀಸಿನವರೆಗೂ ದೂರು ಹೋಗಿತ್ತು. "ಆಮೇಲೆ ನೀನು ಬಂದೆ, ಎಲ್ಲಾ ಸರಿಹೋಯ್ತು" ಎಂದಳು ಚಿಕ್ಕಮ್ಮ.

ಎಲ್ಲಾ ಸರಿಹೋಯ್ತು! ನನ್ನ ನಾಲಿಗೆಯಿಂದ! ಜಾಸ್ತಿ ಎನ್ನುವುದು, ನನ್ನನ್ನು ಕೆಣಕುವುದು, ನನ್ನ ಬಾಯಿಂದ ಅಳತೆ ಹೊರಬಿದ್ದ ಮೇಲೆ ಗೊಣಗುತ್ತಾ ಹಾಕುವುದು. ನಾನು ಜಗಳ ಎಂದುಕೊಂಡದ್ದು ಅವನಿಗೆ ದಿನದ ಕೂಲಿಯಾಗಿತ್ತು. ಹೊಸ ಕ್ಯಾಂಟೀನಿಗೆ ನಾನು ಹೋದರೆ ಇವನ ಗತಿ? ಅದಕ್ಕೇ ನನ್ನ ಕೈಗೆ ಅಳತೆಯಿಲ್ಲ ಎಂದದ್ದು. ಸಿಂಕಿನ ಅಂಚು ಹಿಡಿದು ನಿಂತುಬಿಟ್ಟೆ. ಅಳು ಬರಲಿಲ್ಲ, ನಗು ಬಂತು. ಇವನನ್ನು ಮುಗಿಸಲು ನಾನು ಮಾಡಬೇಕಾದದ್ದು ಏನೂ ಇರಲಿಲ್ಲ, ಅವನು ಹೇಳಿದ್ದಕ್ಕೆಲ್ಲ ಹೂಂ ಎಂದು ಒಪ್ಪಿಕೊಂಡರೆ ಸಾಕಿತ್ತು.

ಆದರೆ ದಿನದ ಊಟಕ್ಕೆ ಒಪ್ಪಿಕೊಂಡು ಕುಲುಮೆಯವರ ಹೊಟ್ಟೆಯ ಮೇಲೆ ಹೊಡೆಯಲು ಮನಸ್ಸು ಬರಲಿಲ್ಲ. ಕಾದೆ. ಆರು ವಾರ ಎಂದಿನಂತೆ ಹಾರಾಡಿದೆ, ಎಂದಿನಂತೆ ಉಪ್ಪು ಹಾಕಿಸಿದೆ. ದೊಡ್ಡಣ್ಣನ ನಿವೃತ್ತಿಗೆ ಮೂರು ತಿಂಗಳಿತ್ತು. ಇನ್ನೆರಡು ವರ್ಷ ಮುಂದುವರಿಸಿ ಎಂದು ಅವನು ಅರ್ಜಿ ಕೊಟ್ಟಿದ್ದ. ಯಜಮಾನರು ನಾಲ್ಕು ಜನ ಅತಿಥಿಗಳೊಂದಿಗೆ ಬರುತ್ತಾರೆ, ಊಟ ಮೆಚ್ಚಿದರೆ ಅವತ್ತೇ ರುಜು ಹಾಕುತ್ತಾರೆ ಎಂದು ಮೇಡಂ ಬಂದು ಹೇಳಿದರು. ಅಂದು ಅತಿಥಿಗಳಿಗೆ ಬೇರೆಯೇ ಸಣ್ಣ ಪಾತ್ರೆಯಲ್ಲಿ ಅಡುಗೆ. ನನಗೆ ಬೇಕಾದದ್ದೂ ಅದೇ.

ಅವನು ಸೌಟೆತ್ತಿದ. ತರಕಾರಿ ಸೂಪು ಘಮಘಮ ಎನ್ನುತ್ತಿತ್ತು, ಉಪ್ಪು ಹದವಾಗಿತ್ತು. ಹಾಕಿದ್ದು ನಾನೇ.

"ಕಮ್ಮಿಯಾಯ್ತಲ್ವೇನೇ ಪಟಾಕಿ?"

"ಹೌದು ದೊಡ್ಡಣ್ಣ, ಕಮ್ಮಿ."

ಅವನ ಕೈ ಅಲ್ಲೇ ನಿಂತಿತು. "ಅಂದ್ರೆ... ಹಾಕಬೇಕಾ?"

"ನಿಮಗೆ ಹಾಗನ್ನಿಸಿದ್ರೆ ಹಾಕಿ."

ಒಂದು ಚಿಟಿಕೆ ಹಾಕಿ, ತಿರುವಿ, ನನ್ನ ಮುಖ ನೋಡಿದ. "ಈಗ ಜಾಸ್ತಿಯಾಯ್ತೇನೋ."

"ಆಗಿರಬಹುದು."

"ಏನೇ ಇದು? ಜಾಸ್ತಿಯೋ, ಕಮ್ಮಿಯೋ?"

"ನೀವು ಹೇಳಿದ ಮೇಲೆ ಮುಗೀತು ದೊಡ್ಡಣ್ಣ. ನನ್ನ ಕೈಗೆ ಅಳತೆ ಕೂತಿಲ್ಲ ಅಲ್ವಾ?"

ಅವನಿಗೆ ಅರ್ಥವಾಯಿತು. ಮುಖದ ಬಣ್ಣ ಇಳಿಯಿತು. ಸುತ್ತ ನೋಡಿ, ನನ್ನ ಹತ್ತಿರ ಬಂದು, ಗುಟ್ಟಿನ ದನಿಯಲ್ಲಿ, "ಬೈಯೇ. ಒಂದ್ಸಲ ಬೈದುಬಿಡೇ. ದಮ್ಮಯ್ಯ ಅಂತೀನಿ" ಎಂದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಕನಿಕರ ಹುಟ್ಟಬೇಕಿತ್ತೇನೋ. ಹುಟ್ಟಲಿಲ್ಲ. ಅತ್ತೆಯ ಮುಂದೆ ತಲೆ ತಗ್ಗಿಸಿ ಕೂತ ರಾತ್ರಿ ನನಗೆ ಯಾರು ಕನಿಕರ ತೋರಿಸಿದ್ದರು?

"ನಿಮ್ಮನ್ನ ಬೈಯೋಷ್ಟು ದೊಡ್ಡವಳಾ ನಾನು?" ಎಂದು ತಟ್ಟೆ ಒರೆಸಲು ಹೋದೆ.

ಹೊರಗಿನಿಂದ ಮೇಡಂ, "ಆಯ್ತೇನ್ರೀ?" ಎಂದು ಕೂಗಿದರು. ಅವನು ಗಾಬರಿಯಲ್ಲಿ ಒಂದು ಹಿಡಿ ಉಪ್ಪು ಸುರಿದ, ಒಂದು ಚೊಂಬು ನೀರು ಹಾಕಿದ, ಮತ್ತೆ ಅರ್ಧ ಹಿಡಿ ಉಪ್ಪು. ಟಣ್ ಟಣ್ ಎಂಬ ಸದ್ದು ಬಹಳ ಹೊತ್ತಾದ ಮೇಲೆ ಬಂತು.

ಅತಿಥಿಗಳಲ್ಲೊಬ್ಬರು ಮೊದಲ ಚಮಚಕ್ಕೇ ಕೆಮ್ಮಿ ನೀರಿಗೆ ಕೈ ಚಾಚಿದರು. ಯಜಮಾನರು ಬಾಯಿಗಿಟ್ಟದ್ದನ್ನು ಹಾಗೇ ಕರವಸ್ತ್ರಕ್ಕೆ ಉಗುಳಿದರು. ಮೇಡಂ ದೊಡ್ಡಣ್ಣನನ್ನು ಕರೆಸಿ, ಅದೇ ಬಟ್ಟಲು ಮುಂದಿಟ್ಟು, "ಕುಡಿದು ನೋಡ್ರಿ" ಎಂದರು. ಅವನು ಕುಡಿದ. ಎಲ್ಲರ ಮುಖ ನೋಡಿದ. ಕಡೆಗೆ ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದ. ನಾನು ಗೋಡೆಯಂತೆ ನಿಂತಿದ್ದೆ.

"ಸ್ವಲ್ಪ... ಸಪ್ಪೆಯಾಯ್ತು, ಕ್ಷಮಿಸಬೇಕು" ಎಂದ.

ಯಜಮಾನರು ಬಟ್ಟಲನ್ನು ಆಚೆ ತಳ್ಳಿ ಎದ್ದರು. ಆ ನೋಟವನ್ನು ನಾನು ಹೊಟ್ಟೆ ತುಂಬ ಉಂಡೆ.

ಅರ್ಜಿ ತಿರಸ್ಕೃತವಾಯಿತು. ಉಳಿದ ಮೂರು ತಿಂಗಳಿಗೆ ಅವನನ್ನು ತರಕಾರಿ ಹೆಚ್ಚುವ ಮೇಜಿಗೆ ಕಳಿಸಿದರು. ಸೌಟು ನನ್ನ ತಲೆಯ ಮೇಲಿನ ಮೊಳೆಗೆ ಬಂತು. ನಾನು ಅವನಿಂದ ಆಲೂಗಡ್ಡೆ ಹೆಚ್ಚಿಸಿದೆ, ದಿನಾ ಎರಡು ಮೂಟೆ. ಅವನು ತಲೆಯೆತ್ತದೆ ಹೆಚ್ಚುತ್ತಿದ್ದ. ಯಾರ ಹತ್ತಿರವೂ ನನ್ನ ಮೇಲೆ ದೂರು ಹೇಳಲಿಲ್ಲ. ಚಿಕ್ಕಮ್ಮ ನನ್ನ ಜೊತೆ ನಗುವುದನ್ನು ನಿಲ್ಲಿಸಿದಳು. ನಿಲ್ಲಿಸಲಿ ಎಂದುಕೊಂಡೆ.

ಒಂದು ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಅವನು ತಟ್ಟೆ ಹಿಡಿದು ನನ್ನ ಮೇಜಿಗೆ ಬಂದು ಎದುರಿಗೆ ಕೂತ. ತಟ್ಟೆಯಲ್ಲಿ ನನ್ನ ಆಲೂಗಡ್ಡೆ ಇತ್ತು. ಕ್ಷಮೆ ಕೇಳಲು ಬಂದಿದ್ದಾನೆ, ಕೇಳಲಿ, ಎಷ್ಟು ಹೊತ್ತು ಕೇಳುತ್ತಾನೋ ನೋಡೋಣ ಎಂದು ಬೆನ್ನು ನೆಟ್ಟಗೆ ಮಾಡಿ ಕೂತೆ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದ. "ನೀನು ಇಲ್ಲಿಗೆ ಬರೋ ಹೊತ್ತಿಗೇ ನಂಗೆ ರುಚಿ ಹೋಗಿತ್ತು. ನಿನ್ನ ಕೈಯಡುಗೆ ರುಚಿ ನಾನು ಒಂದು ದಿನಾನೂ ಕಂಡಿಲ್ಲ ಕಣೇ." ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದ. "ಹೆಂಗಿರುತ್ತೆ ಇದು? ಸಿಪ್ಪೆ ಜೊತೆ ಹುರಿದಾಗ? ನಿಜವಾಗ್ಲೂ ಚೆನ್ನಾಗಿರುತ್ತಾ, ಇಲ್ಲಾ ನೀನು ಸುಮ್ನೆ ಹಟ ಹಿಡೀತಿದ್ಯಾ?"

ಹೇಳಲು ನನ್ನ ಹತ್ತಿರ ಮಾತಿರಲಿಲ್ಲವೆಂದಲ್ಲ. ಹಲ್ಲಿಗೆ ಸಿಕ್ಕ ಕೂಡಲೇ ಸಿಪ್ಪೆ ಗರಿಗರಿ ಎಂದು ಮುರಿಯುತ್ತದೆ, ಒಳಗಿನದು ಬೆಣ್ಣೆಯಂತೆ ಕರಗುತ್ತದೆ, ಸಿಪ್ಪೆಯ ಆ ಚೂರು ಒಗರು ನಾಲಿಗೆಯ ಬದಿಯಲ್ಲಿ ಉಳಿದು ಇನ್ನೊಂದು ತುಂಡು ಬೇಡುತ್ತದೆ. ಅವನು ಒಮ್ಮೆ ಕೇಳಲಿ ಎಂದು ನಾಲ್ಕು ವರ್ಷದಿಂದ ಕಟ್ಟಿಟ್ಟುಕೊಂಡ ಮಾತುಗಳು ಅವು. ನನ್ನ ಅಡುಗೆಯ ವಿಷಯವನ್ನು ನನ್ನ ಬಾಯಿಂದ ಇಷ್ಟು ಆಸೆಯಿಂದ ಕೇಳಿದವರು ಬೇರೆ ಯಾರೂ ಇರಲಿಲ್ಲ, ಮನೆಯಲ್ಲೂ ಇಲ್ಲ.

"ಚೆನ್ನಾಗಿರುತ್ತೆ" ಎಂದೆ.

ಅವನು ತುಂಡು ಹಿಡಿದುಕೊಂಡೇ ಕಾದ. "ಅಷ್ಟೇನಾ?"

"ಅಷ್ಟೇ."

ಅವನು ತಲೆಯಾಡಿಸಿ, ಅದನ್ನು ಬಾಯಿಗಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತಾ ನಿಧಾನವಾಗಿ ಅಗಿದ. ನನಗೆ ತೃಪ್ತಿಯಾಯಿತು, ಸುಳ್ಳೇಕೆ ಹೇಳಲಿ. ನನ್ನ ತಟ್ಟೆಯಲ್ಲೂ ಅದೇ ಆಲೂಗಡ್ಡೆ ಇತ್ತು. ಅಂದು ನನಗೂ ಅದು ಸೇರಲಿಲ್ಲ.