ಬೀದಿಯ ಮೇಲೆ ಚಾಚಿದ ಕೋಣೆ

ಕಪಾಟಿನ ಪಿಂಗಾಣಿ ತಟ್ಟೆಗಳು ಕಿಣಿಕಿಣಿ ಅನ್ನುತ್ತಿವೆ, ಅನ್ನಲಿ, ಈ ಬೀದಿಯಲ್ಲಿ ಲಾರಿ ಹೋದಾಗಲೆಲ್ಲ ಅನ್ನುತ್ತವೆ, ಬಟಾಣಿ ಸುಲಿಯುತ್ತಿದ್ದ ಮ್ಯೂರಿಯಲ್ ತಲೆಯೆತ್ತಲಿಲ್ಲ — ಆದರೆ ಸದ್ದು ದಾಟಿ ಹೋಗಲಿಲ್ಲ, ಗೋಡೆಯಾಚೆಯೇ ನಿಂತಿತು, ಆಮೇಲೆ ಒಣಗಿದ ಓಕ್ ಮರ ಸೀಳುವ ಸದ್ದು, ಚಾವಣಿಯ ಗಾರೆ ಬಟಾಣಿಯ ಮೇಲೆ ಉದುರಿತು. ಮಹಡಿಯಲ್ಲಿ ಗಾಡ್‌ಫ್ರಿ, ಸೊಂಟದ ಮೂಳೆ ಮುರಿದುಕೊಂಡು ಮಲಗಿರುವ ಅಣ್ಣ, ಬೀದಿಯ ಮೇಲೆ ಚಾಚಿದ ಕೋಣೆಯೇ ಬೇಕೆಂದು ಹಟ ಹಿಡಿದವನು, ಅಲ್ಲಿಂದ ಕೈ ಚಾಚಿದರೆ ಎದುರು ಮನೆಯಿಂದ ಉಪ್ಪು ಇಸಿದುಕೊಳ್ಳಬಹುದು ಎಂದು ಅಪ್ಪ ನಗುತ್ತಿದ್ದ, ಉಣ್ಣೆ ವ್ಯಾಪಾರಿಗಳು ಯಾವ ಕಾಲದಲ್ಲೋ ಕಟ್ಟಿಸಿದ ಮನೆಗಳು, ಕೆಳಗೆ ಜಾಗ ಸಾಲದೆ ಮೇಲೆ ಬೀದಿಯತ್ತ ಬಾಗಿ ಬೆಳೆದವು, ಒಂದಕ್ಕೆ ಗುಲಾಬಿ ಸುಣ್ಣ, ಒಂದಕ್ಕೆ ಹಳದಿ, ಚಿತ್ರ ತೆಗೆಯಲು ಬಂದವರು ಎಷ್ಟು ಚೆಂದ ಅನ್ನುತ್ತಾರೆ, ಅವಳಿಗೆ ಚಿಕ್ಕಂದಿನಿಂದ ಒಂದೇ ಯೋಚನೆ, ಬಾಗಿದ್ದು ಎಂದಾದರೂ ಬೀಳಲೇಬೇಕಲ್ಲ.

ಹೊರಗೆ ಓಡಿದಳು, ಸಾಮಾನು ಸಾಗಿಸುವ ಎತ್ತರದ ಲಾರಿಯೊಂದು ಕೋಣೆಯ ಅಡಿಗೆ ಹೊಕ್ಕು ಸಿಕ್ಕಿಕೊಂಡಿದೆ, ಮೂಲೆಗಂಬ ಮುರಿದಿದೆ, ಈಗ ಕೋಣೆ ನಿಂತಿರುವುದೇ ಲಾರಿಯ ನೆತ್ತಿಯ ಮೇಲೆ. ಅಲ್ಲಾಡಿಸ್ಬೇಡಪ್ಪ, ನಮ್ಮಣ್ಣ ಮೇಲೆ ಮಲಗಿದಾನೆ. ಚಾಲಕ ಬೆಳ್ಳಗಾದ, ಕೈಬ್ರೇಕು ಹಿಡೀತಿಲ್ಲಮ್ಮ, ಇಳಿಜಾರು ಬೇರೆ, ಕಾಲು ತೆಗೆದ್ರೆ ಮುಂದಕ್ಕೆ ಹೋಗತ್ತೆ. ಯಾರೋ ಚಕ್ರದ ಮುಂದೆ ಇಟ್ಟಿಗೆ ಒತ್ತುತ್ತಾರೆ, ಇಟ್ಟಿಗೆ ಪುಡಿಯಾಗುತ್ತದೆ, ಅವಳು ನೋಡಿದ್ದು ಬ್ರೇಕಿನ ಮೇಲಿನ ಆ ಕಾಲನ್ನು, ಮಂಡಿ ನಡುಗುತ್ತಿತ್ತು. ಮೆಟ್ಟಿಲು ಹತ್ತುವಾಗಲೂ ಕಣ್ಣ ಮುಂದೆ ಅದೇ ಮಂಡಿ, ಹಿಂದೆ ಕಟುಕ ಪರ್ಕಿಸ್ ಏದುಸಿರು ಬಿಡುತ್ತ ಬರುತ್ತಿದ್ದಾನೆ, ಗಾಡ್‌ಫ್ರಿ ಮಾತ್ರ ದಿಂಬಿಗೊರಗಿ, ಬೀಳೋದಾಗಿದ್ರೆ ಅಪ್ಪನ ಕಾಲಕ್ಕೇ ಬೀಳ್ತಿತ್ತು, ನೀನು ಹುಟ್ಟಾ ಪುಕ್ಕಲಿ — ಅಷ್ಟರಲ್ಲಿ ಮಂಚ ತಾನಾಗಿ ಕಿಟಕಿಯ ಕಡೆ ಗೇಣುದ್ದ ಜಾರಿತು, ಅವನು ಮಾತು ನಿಲ್ಲಿಸಿ ಎರಡೂ ಕೈ ಚಾಚಿದ, ಬಿಡಬೇಡ ಕಣೇ. ಹಾಸಿಗೆ ಬಟ್ಟೆಯಲ್ಲೇ ಎತ್ತಿದರು, ಇಕ್ಕಟ್ಟಿನ ಮೆಟ್ಟಿಲು, ಅವನು ನೋವಿಗೆ ನರಳಿದರೆ ಅವಳು ಸುಮ್ಮನಿರು ಅನ್ನುತ್ತಾಳೆ, ಆ ಕಾಲು ಸೋತರೆ, ಈಗ ಸೋತರೆ, ಈ ಮೆಟ್ಟಿಲಿನಲ್ಲಿ ಸೋತರೆ.

ಸೋಲಲಿಲ್ಲ, ಬೀದಿಗೆ ಬಂದರು, ಪರ್ಕಿಸ್ ಚಾಲಕನಿಗೆ ಕೂಗಿದ, ಎಲ್ಲಾ ಬಂದಾಯ್ತು, ಹಾರ್ಕೊಳ್ಳಯ್ಯ. ಅವನು ಹಾರಲಿಲ್ಲ. ಕಾಲು ನನ್ನ ಮಾತು ಕೇಳ್ತಿಲ್ಲ, ಅಂದ, ಮಕ್ಕಳು ಅಳುವ ಮುಂಚಿನ ದನಿ. ಯಾರೂ ಮುಂದೆ ಹೋಗಲಿಲ್ಲ, ಅವಳು ಹೇಗೆ ಹೋದಳೋ ಅವಳಿಗೇ ತಿಳಿಯದು, ತಲೆಯ ಮೇಲೆ ತೊಲೆಗಳು ಕರಕರ ಅನ್ನುತ್ತಿದ್ದವು, ಹೆಸರೇನಪ್ಪ ಅಂದಳು, ಡೆರಿಕ್, ಡೆರಿಕ್ ನನ್ನ ಮುಖ ನೋಡು ಅಂದಳು, ಅವನ ತೊಡೆಯ ಕೆಳಗೆ ಕೈ ತೂರಿಸಿ ಆ ಕಾಲನ್ನು ಎತ್ತಿ ಎಳೆದಳು, ಇಬ್ಬರೂ ಕಲ್ಲುಹಾಸಿನ ಮೇಲೆ ಬಿದ್ದರು, ಎದ್ದರು, ಓಡಿದರು, ಹಿಂದೆ ಲಾರಿ ಒಂದು ಮೊಳ ಉರುಳಿತು, ಆಮೇಲೆ ಸದ್ದು, ಆಮೇಲೆ ಧೂಳು, ಬೀದಿಯಲ್ಲಿ ಎಂದೂ ಕಾಣದಿದ್ದಷ್ಟು ಆಕಾಶ.

ಪರ್ಕಿಸ್‌ನ ಅಂಗಡಿಯಲ್ಲಿ ಚಹಾ ಕೊಟ್ಟರು, ಗಾಡ್‌ಫ್ರಿ ಅಳುತ್ತಿದ್ದಾನೆ, ಅಪ್ಪನ ಕುರ್ಚಿ ಹೋಯ್ತು, ಕಿಟಕಿ ಹೋಯ್ತು, ಹೌದು ಹೋಯ್ತು ಅನ್ನುತ್ತಾಳೆ, ಮನೆಯನ್ನು ನೆನೆಯಲು ನೋಡುತ್ತಾಳೆ, ಗುಲಾಬಿ ಗೋಡೆ, ಮೆಟ್ಟಿಲು, ಬಾರದು, ಯಾವುದೂ ಬಾರದು, ಎದುರಿನ ಬೆಂಚಿನ ಮೇಲೆ ಡೆರಿಕ್ ಕೂತಿದ್ದಾನೆ, ಮೈಗೆ ಕಂಬಳಿ ಹೊದಿಸಿದ್ದಾರೆ, ನೆಲ ಗಟ್ಟಿಯಾಗಿದೆ, ಒತ್ತಲು ಬ್ರೇಕು ಇಲ್ಲ, ಕಂಬಳಿಯ ಕೆಳಗೆ ಆ ಮಂಡಿ, ಇನ್ನೂ ಒತ್ತುತ್ತ, ಇನ್ನೂ ನಡುಗುತ್ತ —